ಪ್ರಾಸ್ಟೇಟ್‌ಗೆ ಯಾವ ಆಹಾರ ಒಳ್ಳೆಯದು? ಉತ್ತರ ತಟ್ಟೆಯಲ್ಲಷ್ಟೇ ಇಲ್ಲ

ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದ್‌ನ ಆಸ್ಪತ್ರೆಗಳಿಗೆ ಹೊರಟವರು ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪಟಾನ್‌ಚೆರುವನ್ನು ದಾಟಿಯೇ ಹೋಗಬೇಕು. ಬೀದರ್, ಕಲಬುರಗಿ ಕಡೆಯ ಎಷ್ಟೋ ಕುಟುಂಬಗಳಿಗೆ ಇದು ಪರಿಚಿತ ಹಾದಿ. ಔಷಧ ಕಾರ್ಖಾನೆಗಳ ಈ ಪಟ್ಟಣದಲ್ಲೇ ಇಕ್ರಿಸ್ಯಾಟ್ ಇದೆ. ಜೋಳ, ಸಜ್ಜೆ, ತೊಗರಿ, ಕಡಲೆಯಂತಹ ಒಣಭೂಮಿ ಬೆಳೆಗಳ ಬಗ್ಗೆ 1972ರಿಂದ ಸಂಶೋಧನೆ ನಡೆಸುತ್ತಿರುವ ಅಂತರರಾಷ್ಟ್ರೀಯ ಸಂಸ್ಥೆ ಅದು. ಕಲಬುರಗಿ ಭಾಗದ ರೈತರಿಗೆ ಚೆನ್ನಾಗಿ ಗೊತ್ತಿರುವ, ಸೊರಗು ರೋಗ ತಡೆಯುವ 'ಮಾರುತಿ' ತೊಗರಿ ತಳಿ ಅಲ್ಲಿಂದಲೇ ಬಂದು 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಆ ಬಳಿಕ ಈ ಧಾನ್ಯಗಳ ಹೆಸರಿನಲ್ಲಿ ಹರಿದಾಡುವ ಆರೋಗ್ಯ ಸಲಹೆಗಳಿಗೆ ಲೆಕ್ಕವಿಲ್ಲ. 'ಪ್ರಾಸ್ಟೇಟ್ ಕರಗಿಸುವ' ಪುಡಿ, ಬೀಜ, ಕಷಾಯ, ಕ್ಯಾಪ್ಸೂಲ್‌ಗಳ ಸಂದೇಶಗಳೂ ಅವುಗಳ ಜೊತೆಗೇ ಬರುತ್ತವೆ. ಇವುಗಳಲ್ಲಿ ನಂಬಬಹುದಾದದ್ದು ಎಷ್ಟು? ಆಹಾರ ಮತ್ತು ಜೀವನಶೈಲಿಯಿಂದ ಪ್ರಾಸ್ಟೇಟ್‌ಗೆ ನಿಜವಾಗಿ ಆಗುವ ಅನುಕೂಲವೇನು?

ಈ ಪ್ರಶ್ನೆ ಈಗ ಏಕೆ ಮುಖ್ಯ?

2024ರ ಏಪ್ರಿಲ್‌ನಲ್ಲಿ ಲ್ಯಾನ್ಸೆಟ್ ಆಯೋಗ ಒಂದು ಎಚ್ಚರಿಕೆ ನೀಡಿತು. 2020ರಲ್ಲಿ ಜಗತ್ತಿನಲ್ಲಿ 14 ಲಕ್ಷ ಇದ್ದ ಹೊಸ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಕರಣಗಳು 2040ರ ವೇಳೆಗೆ 29 ಲಕ್ಷಕ್ಕೆ ಏರಲಿವೆ ಎಂಬುದು ಅದರ ಅಂದಾಜು. ಜನರ ಆಯಸ್ಸು ಹೆಚ್ಚುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಭಾರತದಲ್ಲಿ 2022ರಲ್ಲಿ ಸುಮಾರು 38 ಸಾವಿರ ಹೊಸ ಪ್ರಕರಣಗಳನ್ನು ಅಂದಾಜಿಸಲಾಗಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಪತ್ತೆಯಾದಾಗ ನಮ್ಮ ಮನೆಗಳಲ್ಲೂ ಈ ಹೆಸರು ಕೇಳಿಬಂತು.

ಭಯ ಹೆಚ್ಚಿದಾಗ ಮಾರುಕಟ್ಟೆಯೂ ಚುರುಕಾಗುತ್ತದೆ. ಆದರೆ ಒಂದು ವಿಷಯ ಅನೇಕರಿಗೆ ಗೊತ್ತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಲ್ಲಿ ಕಾಯಿಲೆಗಳ ಒಂದು ಪಟ್ಟಿಯಿದೆ. ಆ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಸಾರ್ವಜನಿಕರಿಗೆ ಔಷಧದ ಜಾಹೀರಾತು ನೀಡುವಂತಿಲ್ಲ. ಕ್ಯಾನ್ಸರ್, ಮಧುಮೇಹದ ಜೊತೆಗೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆಗಳೂ ಆ ಪಟ್ಟಿಯಲ್ಲಿವೆ. ಹಾಗಾಗಿ '30 ದಿನದಲ್ಲಿ ಪ್ರಾಸ್ಟೇಟ್ ಸಂಪೂರ್ಣ ಗುಣ' ಎಂಬ ಜಾಹೀರಾತು ಕಂಡರೆ, ಆ ಔಷಧ ಯಾವ ಪದ್ಧತಿಯದೇ ಆಗಿರಲಿ, ಎಚ್ಚರವಾಗಿರಿ.

ಮೊದಲು ತಿಳಿಯಬೇಕಾದದ್ದು: ತೊಂದರೆ ಒಂದಲ್ಲ, ಮೂರು

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ನೆಲ್ಲಿಕಾಯಿ ಗಾತ್ರದ ಗ್ರಂಥಿ. ಇದರಲ್ಲಿ ಮುಖ್ಯವಾಗಿ ಮೂರು ಬಗೆಯ ತೊಂದರೆಗಳು ಬರುತ್ತವೆ.

ಮೊದಲನೆಯದು ವಯೋಸಹಜವಾಗಿ ಗ್ರಂಥಿ ಹಿಗ್ಗುವುದು. ವೈದ್ಯರು ಇದನ್ನು ಬಿಪಿಎಚ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. 60ರ ವಯಸ್ಸಿನ ಹೊತ್ತಿಗೆ ಸುಮಾರು ಅರ್ಧದಷ್ಟು ಪುರುಷರಲ್ಲಿ ಈ ಬದಲಾವಣೆ ಶುರುವಾಗಿರುತ್ತದೆ. ಮೂತ್ರದ ಧಾರೆ ನಿಧಾನವಾಗುವುದು, ರಾತ್ರಿ ಹಲವು ಬಾರಿ ಏಳಬೇಕಾಗುವುದು, ಮೂತ್ರ ಪೂರ್ತಿ ಖಾಲಿಯಾಗಿಲ್ಲ ಅನ್ನಿಸುವುದು ಇದರ ಲಕ್ಷಣಗಳು.

ಎರಡನೆಯದು ಪ್ರಾಸ್ಟೇಟ್ ಉರಿಯೂತ. ಇದು ಯುವಕರಿಗೂ ಬರಬಹುದು. ಉರಿಮೂತ್ರ, ಕೆಳಹೊಟ್ಟೆ ನೋವು ಕಾಣಿಸಿಕೊಳ್ಳುತ್ತವೆ. ಸೋಂಕು ತೀವ್ರವಾದರೆ ಚಳಿಜ್ವರವೂ ಬರುತ್ತದೆ.

ಮೂರನೆಯದು ಕ್ಯಾನ್ಸರ್. ಆರಂಭದಲ್ಲಿ ಇದು ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಅಪ್ಪ ಅಥವಾ ಅಣ್ಣ-ತಮ್ಮಂದಿರಿಗೆ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು ಹೆಚ್ಚು.

ಮನೆಮದ್ದಿನ ಸಂದೇಶಗಳು ಈ ಮೂರನ್ನೂ 'ಪ್ರಾಸ್ಟೇಟ್ ಪ್ರಾಬ್ಲಂ' ಎಂದು ಒಂದೇ ಚೀಲಕ್ಕೆ ತುಂಬುತ್ತವೆ. ಮೂರರ ಕಾರಣ ಬೇರೆ, ಪರೀಕ್ಷೆ ಬೇರೆ, ಚಿಕಿತ್ಸೆಯೂ ಬೇರೆ. ತೊಂದರೆ ಯಾವುದು ಎಂದು ತಿಳಿಯದೆ ಆಹಾರ ಬದಲಿಸುವುದರಿಂದ ಕಾಲ ಕಳೆದುಹೋಗುತ್ತದೆ.

ಒಂದೇ ಆಹಾರ, ಒಂದೇ ಮಾತ್ರೆ: ಪರೀಕ್ಷೆಗಳು ಏನು ಹೇಳಿವೆ?

ಟೊಮೆಟೊ: ಟೊಮೆಟೊದಲ್ಲಿರುವ ಲೈಕೋಪೀನ್ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದು ಎಂಬ ನಂಬಿಕೆ ಹಳೆಯದು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2007ರಲ್ಲಿ ಇದಕ್ಕೆ ಸಾಕಷ್ಟು ಬಲವಾದ ಆಧಾರವಿದೆ ಎಂದಿತ್ತು. 2014ರ ಮರುಪರಿಶೀಲನೆಯಲ್ಲಿ ತೀರ್ಮಾನಕ್ಕೆ ಬರಲು ಆಧಾರ ಸಾಲದು ಎಂದು ಹಿಂದೆ ಸರಿಯಿತು. ಟೊಮೆಟೊ ಸಾರು ತಿನ್ನಲು ಅಡ್ಡಿಯಿಲ್ಲ. ಅದನ್ನು ಔಷಧವೆಂದು ಎಣಿಸಬೇಡಿ.

ವಿಟಮಿನ್ ಇ ಮತ್ತು ಸೆಲೆನಿಯಂ: ಅಮೆರಿಕ, ಕೆನಡಾ ಮತ್ತು ಪೋರ್ಟೊರಿಕೊದಲ್ಲಿ 35 ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ನಡೆದ 'ಸೆಲೆಕ್ಟ್' ಪ್ರಯೋಗ 2001ರಲ್ಲಿ ಶುರುವಾಯಿತು. ಪ್ರಯೋಜನ ಕಾಣದ ಕಾರಣ 2008ರಲ್ಲಿ ಮಾತ್ರೆಗಳನ್ನು ನಿಲ್ಲಿಸಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶ ಇನ್ನೂ ಗಂಭೀರವಾಗಿತ್ತು. ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿತ್ತು. 'ವಿಟಮಿನ್ ತಾನೆ, ತಿಂದರೆ ನಷ್ಟವೇನು' ಎಂಬ ಮಾತಿಗೆ ಇದು ಉತ್ತರ.

ಸಾ ಪಾಲ್ಮೆಟೊ: ಪ್ರಾಸ್ಟೇಟ್ ಕ್ಯಾಪ್ಸೂಲ್‌ಗಳಲ್ಲಿ ಹೆಚ್ಚಾಗಿ ಕಾಣುವ ಗಿಡಮೂಲಿಕೆ ಇದು. 225 ಪುರುಷರಲ್ಲಿ ಒಂದು ವರ್ಷ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಬರೀ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಪ್ರಮಾಣವನ್ನು ಮೂರು ಪಟ್ಟಿನವರೆಗೆ ಏರಿಸಿ ನೋಡಿದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಫಲಿತಾಂಶ ಅದೇ.

ಕುಂಬಳ ಬೀಜ: ಜರ್ಮನಿಯಲ್ಲಿ 1,431 ಪುರುಷರು ಒಂದು ವರ್ಷ ಭಾಗವಹಿಸಿದ ಪ್ರಯೋಗದಲ್ಲಿ ಬೀಜದ ಸಾರದ ಕ್ಯಾಪ್ಸೂಲ್‌ನಿಂದ ಲಾಭವಾಗಲಿಲ್ಲ. ಬೀಜವನ್ನೇ ತಿಂದವರಲ್ಲಿ ಸುಮಾರು ಶೇ 58 ಮಂದಿಗೆ ಲಕ್ಷಣಗಳು ಸುಧಾರಿಸಿದವು. ಆದರೆ ಹುಸಿಮಾತ್ರೆ ನುಂಗಿದವರಲ್ಲೂ ಸುಮಾರು ಶೇ 47 ಮಂದಿಗೆ ಸುಧಾರಿಸಿತ್ತು. ಅಂದರೆ ಏನೂ ಇಲ್ಲದ ಮಾತ್ರೆ ತಿಂದರೂ ಹತ್ತಿರ ಹತ್ತಿರ ಅರ್ಧದಷ್ಟು ಜನ 'ನನಗೆ ಗುಣ ಕಾಣಿಸಿತು' ಎನ್ನುತ್ತಾರೆ. ಬಿಪಿಎಚ್ ಲಕ್ಷಣಗಳು ತಾವಾಗಿಯೇ ಏರುತ್ತವೆ, ಇಳಿಯುತ್ತವೆ. ಪಕ್ಕದ ಮನೆಯವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರಿಗೆ ಗುಣವಾದದ್ದು ಆ ಪುಡಿಯಿಂದಲೇ ಎನ್ನಲಾಗದು.

ತರಕಾರಿ: ಅಮೆರಿಕದಲ್ಲಿ ಆರಂಭಿಕ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದು, ನಿಯಮಿತ ತಪಾಸಣೆಯ ನಿಗಾದಲ್ಲಿದ್ದ 478 ಪುರುಷರಲ್ಲಿ ಅರ್ಧ ಮಂದಿಗೆ ದಿನಕ್ಕೆ ಏಳು ಬಾರಿಯ ತರಕಾರಿ ಪ್ರಮಾಣ ತಿನ್ನಲು ಫೋನ್ ಮೂಲಕ ಮಾರ್ಗದರ್ಶನ ನೀಡಲಾಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷಗಳಲ್ಲಿ ಕ್ಯಾನ್ಸರ್ ಮುಂದುವರಿಯುವ ವೇಗದಲ್ಲಿ ವ್ಯತ್ಯಾಸವಾಗಲಿಲ್ಲ. ತರಕಾರಿ ಹೃದಯಕ್ಕೆ, ಕರುಳಿಗೆ ಒಳ್ಳೆಯದು. ಕ್ಯಾನ್ಸರ್ ಚಿಕಿತ್ಸೆಯ ಜಾಗವನ್ನು ಅದು ತುಂಬುವುದಿಲ್ಲ.

ಹಾಗಾದರೆ ಜೋಳದ ರೊಟ್ಟಿಯಿಂದ ಪ್ರಯೋಜನವಿಲ್ಲವೇ?

ಇದೆ. ಆದರೆ ಅದು ಬರುವ ದಾರಿ ಬೇರೆ. ಇಕ್ರಿಸ್ಯಾಟ್ ನೇತೃತ್ವದಲ್ಲಿ 65 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆ 2021ರಲ್ಲಿ ಪ್ರಕಟವಾಯಿತು. ದಿನವೂ ಸಿರಿಧಾನ್ಯ ತಿನ್ನುವ ಮಧುಮೇಹಿಗಳಲ್ಲಿ ಖಾಲಿಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆ ಶೇ 12ರಿಂದ 15ರಷ್ಟು ಇಳಿದಿತ್ತು ಎಂದು ಅದು ಹೇಳಿತು. ಅದರಲ್ಲಿ ಪ್ರಾಸ್ಟೇಟ್ ಪ್ರಸ್ತಾಪವಿಲ್ಲ.

ಆದರೂ ಸಂಬಂಧವಿದೆ. ಸಕ್ಕರೆ ಹೆಚ್ಚಾದಾಗ ಮೂತ್ರದ ಪ್ರಮಾಣವೇ ಹೆಚ್ಚುತ್ತದೆ. ರಾತ್ರಿ ನಾಲ್ಕು ಬಾರಿ ಏಳುವ ಎಲ್ಲರ ಸಮಸ್ಯೆಯೂ ಪ್ರಾಸ್ಟೇಟ್ ಅಲ್ಲ, ಕೆಲವರದು ನಿಯಂತ್ರಣ ತಪ್ಪಿದ ಮಧುಮೇಹ. ಹೊಟ್ಟೆ ಬೊಜ್ಜು, ಮಧುಮೇಹ, ರಕ್ತದೊತ್ತಡ ಇರುವವರಲ್ಲಿ ಬಿಪಿಎಚ್ ಲಕ್ಷಣಗಳು ಹೆಚ್ಚು ಕಾಡುತ್ತವೆ. ಬೊಜ್ಜಿಗೂ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್‌ಗೂ ಸಂಬಂಧವಿದೆ ಎಂಬುದಕ್ಕೆ ಬಲವಾದ ಆಧಾರವಿದೆ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಅದೇ 2014ರ ವರದಿ ಹೇಳಿದೆ. ಮಲಬದ್ಧತೆಯೂ ಮೂತ್ರಕೋಶದ ಮೇಲೆ ಒತ್ತಡ ಹಾಕುತ್ತದೆ. ನಾರಿರುವ ಜೋಳ, ತೊಗರಿಬೇಳೆ, ಸೊಪ್ಪು ಅಲ್ಲಿ ನೆರವಾಗುತ್ತವೆ.

ತಟ್ಟೆ ಹೇಗಿರಬೇಕು ಎಂಬುದಕ್ಕೆ ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇನಲ್ಲಿ ಹೊರತಂದ ಮಾರ್ಗಸೂಚಿ ಒಳ್ಳೆಯ ಆಧಾರ. ದಿನಕ್ಕೆ 2,000 ಕಿಲೊ ಕ್ಯಾಲೊರಿ ಬೇಕಾದವರಿಗೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದು ಅದು ಹೇಳುತ್ತದೆ. ನಮ್ಮ ಊಟದಲ್ಲಿ ಸಾಮಾನ್ಯವಾಗಿ ಧಾನ್ಯ ಹೆಚ್ಚು, ತರಕಾರಿ ಕಡಿಮೆ. ಅನ್ನದ ಬದಲು ಆರು ರೊಟ್ಟಿ ತಿಂದರೆ ಲೆಕ್ಕ ಸರಿಹೋಗದು. ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ, ಎರಡು ಬಗೆ ಪಲ್ಯ ಇದ್ದರೆ ಸರಿ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಹೆಚ್ಚು ಉಪ್ಪು ತಿಂದರೆ ಬಾಯಾರಿಕೆ ಹೆಚ್ಚುತ್ತದೆ, ರಾತ್ರಿಯ ಮೂತ್ರವೂ ಹೆಚ್ಚುತ್ತದೆ.

ನಡಿಗೆಯೂ ಅಷ್ಟೇ ಮುಖ್ಯ. ಅಮೆರಿಕದ ಪುರುಷ ಆರೋಗ್ಯ ವೃತ್ತಿಪರರನ್ನು ಗಮನಿಸಿದ 1998ರ ಅಧ್ಯಯನದಲ್ಲಿ ವಾರಕ್ಕೆ ಎರಡರಿಂದ ಮೂರು ಗಂಟೆ ನಡೆಯುವವರಲ್ಲಿ ಬಿಪಿಎಚ್ ಅಪಾಯ ಶೇ 25ರಷ್ಟು ಕಡಿಮೆ ಕಂಡಿತು. ಇದು ಪ್ರಯೋಗವಲ್ಲ, ಗಮನಿಸಿದ ಸಂಬಂಧ ಮಾತ್ರ. ಆದರೂ ನಡಿಗೆಯಿಂದ ಸಕ್ಕರೆ, ತೂಕ, ಬಿಪಿ ಮೂರಕ್ಕೂ ಲಾಭ ಖಚಿತ.

ಹೆಚ್ಚು ಗುಣ ತೋರಿದ್ದು ಆಹಾರವಲ್ಲ, ಅಭ್ಯಾಸ

ಜೀವನಶೈಲಿಯ ಬಗ್ಗೆ ಗಟ್ಟಿಯಾದ ಸಾಕ್ಷ್ಯ ಸಿಗುವುದು ಇಲ್ಲಿ. 2007ರಲ್ಲಿ ಪ್ರಕಟವಾದ ಬ್ರಿಟನ್‌ನ ಪ್ರಯೋಗದಲ್ಲಿ ಮೂತ್ರದ ತೊಂದರೆಯಿದ್ದ 140 ಪುರುಷರನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ನೀರು ಯಾವಾಗ ಕುಡಿಯಬೇಕು, ಚಹಾ, ಮದ್ಯ ಹೇಗೆ ಕಡಿಮೆ ಮಾಡಬೇಕು, ಮೂತ್ರಕೋಶಕ್ಕೆ ಹೇಗೆ ತರಬೇತಿ ಕೊಡಬೇಕು ಎಂಬ ಪಾಠ. ಮೂರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ 42 ಮಂದಿಗೆ ಲಕ್ಷಣ ಉಲ್ಬಣಿಸಿತ್ತು ಅಥವಾ ಹೆಚ್ಚಿನ ಚಿಕಿತ್ಸೆ ಬೇಕಾಗಿತ್ತು. ಪಾಠ ಕಲಿತವರಲ್ಲಿ ಈ ಪ್ರಮಾಣ ಶೇ 10 ಮಾತ್ರ. ಇದಕ್ಕೆ ಯಾವ ಪುಡಿಯನ್ನೂ ಕೊಳ್ಳಬೇಕಿಲ್ಲ.

ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವ, ನಿವೃತ್ತಿಯ ಅಂಚಿನಲ್ಲಿರುವ ಒಬ್ಬರನ್ನು ಊಹಿಸಿಕೊಳ್ಳಿ. ಪದೇ ಪದೇ ಶೌಚಾಲಯಕ್ಕೆ ಹೋಗುವುದು ಮುಜುಗರವೆಂದು ಅವರು ಪಾಳಿಯುದ್ದಕ್ಕೂ ನೀರು ಕುಡಿಯುವುದಿಲ್ಲ. ಬದಲಿಗೆ ನಾಲ್ಕು ಇರಾನಿ ಚಹಾ. ಮನೆಗೆ ಬಂದ ಮೇಲೆ ಬಾಯಾರಿಕೆಗೆ ಒಂದೂವರೆ ಲೀಟರ್ ನೀರು ಕುಡಿದು ಮಲಗುತ್ತಾರೆ. ನಿದ್ದೆ ನಾಲ್ಕು ತುಂಡಾಗುತ್ತದೆ. ಅವರಿಗೆ ಮೊದಲು ಬೇಕಿರುವುದು ಹೊಸ ಆಹಾರವಲ್ಲ, ನೀರಿನ ವೇಳಾಪಟ್ಟಿ.

• ನೀರು ನಿಲ್ಲಿಸಬೇಡಿ, ಸಮಯ ಬದಲಿಸಿ. ಸಾಮಾನ್ಯವಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಸಾಕು. ಬಿಸಿಲಲ್ಲಿ, ಬಾಯ್ಲರ್ ಬಳಿ ಕೆಲಸ ಮಾಡಿ ಬೆವರುವವರಿಗೆ ಹೆಚ್ಚು ಬೇಕು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ, ಕಲ್ಲಿನ ಅಪಾಯವೂ ಇದೆ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ.

• ಮಲಗುವ ಎರಡು ಗಂಟೆ ಮೊದಲು ದ್ರವ ಕಡಿಮೆ ಮಾಡಿ. ರಾತ್ರಿ ಪಾಳಿಯವರು ಇದನ್ನು ಗಡಿಯಾರದ ಪ್ರಕಾರವಲ್ಲ, ತಮ್ಮ ನಿದ್ದೆಯ ಪ್ರಕಾರ ಲೆಕ್ಕ ಹಾಕಬೇಕು.

• ಚಹಾ, ಕಾಫಿ, ಮದ್ಯ, ಸೇಂದಿ ಕಡಿಮೆ ಮಾಡಿ. ಕೆಫೀನ್ ಮತ್ತು ಮದ್ಯ ಮೂತ್ರದ ಅವಸರವನ್ನು ಹೆಚ್ಚಿಸುತ್ತವೆ.

• ಎರಡು ಬಾರಿ ಖಾಲಿ ಮಾಡಿ. ಮೂತ್ರ ಮಾಡಿದ ಬಳಿಕ ಅರ್ಧ ನಿಮಿಷ ಕಾದು ಮತ್ತೊಮ್ಮೆ ಪ್ರಯತ್ನಿಸಿ.

• ಅವಸರವಾದ ತಕ್ಷಣ ಓಡಬೇಡಿ. ಕೆಲವು ನಿಮಿಷ ತಡೆದು, ವಾರದಿಂದ ವಾರಕ್ಕೆ ಅಂತರವನ್ನು ನಿಧಾನವಾಗಿ ಹೆಚ್ಚಿಸಿ. ಆದರೆ ಪ್ರಯಾಣದಲ್ಲಿ ಗಂಟೆಗಟ್ಟಲೆ ಕಟ್ಟಿಕೊಂಡು ಕೂರಬೇಡಿ.

• ಕಾಲು ಊದಿಕೊಳ್ಳುವವರು ಸಂಜೆ ಸ್ವಲ್ಪ ಹೊತ್ತು ಕಾಲೆತ್ತಿ ಮಲಗಿ. ಬಿಪಿಗೆ ಮೂತ್ರವರ್ಧಕ ಮಾತ್ರೆ ತೆಗೆದುಕೊಳ್ಳುವವರು ಅದರ ಸಮಯ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

• ನೆಗಡಿಗೆ ತಾವೇ ಮಾತ್ರೆ ಕೊಳ್ಳುವ ಮುನ್ನ ಯೋಚಿಸಿ. ಕ್ಲೋರ್‌ಫೆನಿರಮಿನ್, ಸ್ಯೂಡೊಎಫಿಡ್ರಿನ್‌ನಂತಹ ಅಂಶಗಳಿರುವ ಮಾತ್ರೆಗಳು ಹಿಗ್ಗಿದ ಪ್ರಾಸ್ಟೇಟ್ ಇರುವವರಲ್ಲಿ ಮೂತ್ರ ಪೂರ್ತಿ ಕಟ್ಟುವಂತೆ ಮಾಡಬಹುದು.

ಉರಿಮೂತ್ರಕ್ಕೆ ಅಂಗಡಿಯ ಮಾತ್ರೆ ಬೇಡ

ಪಟಾನ್‌ಚೆರುವಿನ ಹೆಸರು ವೈದ್ಯಕೀಯ ಲೇಖನಗಳಲ್ಲಿ ಇನ್ನೊಂದು ಕಾರಣಕ್ಕೆ ಬರುತ್ತದೆ. ಸುಮಾರು 90 ಔಷಧ ತಯಾರಕರ ತ್ಯಾಜ್ಯ ನೀರು ಬರುತ್ತಿದ್ದ ಇಲ್ಲಿನ ಸಂಸ್ಕರಣಾ ಘಟಕದಿಂದ ಹೊರಹೋಗುವ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು ಎಂದು 2007ರಲ್ಲಿ ಸ್ವೀಡನ್‌ನ ಸಂಶೋಧಕರು ವರದಿ ಮಾಡಿದರು. ಪ್ರಾಸ್ಟೇಟ್ ಸೋಂಕಿಗೆ ವೈದ್ಯರು ಬಳಸುವ ಮುಖ್ಯ ಆ್ಯಂಟಿಬಯಾಟಿಕ್‌ಗಳಲ್ಲಿ ಇದೂ ಒಂದು. ಪರಿಸರಕ್ಕೆ ಸೇರುವ ಔಷಧವೂ ನಾವು ಅರ್ಧಂಬರ್ಧ ನುಂಗುವ ಔಷಧವೂ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಮಾಡುತ್ತವೆ. ಕಾರ್ಖಾನೆಯ ನೀರು ರೋಗಿಯ ಕೈಯಲ್ಲಿಲ್ಲ. ಅಂಗಡಿಯಿಂದ ನಾಲ್ಕು ಮಾತ್ರೆ ತಂದು ಉರಿ ಕಡಿಮೆಯಾದ ಕೂಡಲೇ ನಿಲ್ಲಿಸುವ ಅಭ್ಯಾಸ ನಮ್ಮ ಕೈಯಲ್ಲಿದೆ. ಮೊದಲು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಔಷಧ ತೆಗೆದುಕೊಳ್ಳಿ. ಪ್ರಾಸ್ಟೇಟ್ ಸೋಂಕಿಗೆ ಇದು ವಾರಗಟ್ಟಲೆ ಬೇಕಾಗಬಹುದು.

ಎಷ್ಟು ದಿನ ಕಾದು ನೋಡಬಹುದು?

ವೈದ್ಯರು ಬಳಸುವ ಏಳು ಪ್ರಶ್ನೆಗಳ ಅಂಕಪಟ್ಟಿಯೊಂದಿದೆ. ಅದರಲ್ಲಿ 7ರವರೆಗೆ ಅಂಕ ಬಂದರೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ 35 ತೀವ್ರ. ಪರೀಕ್ಷೆಗಳು ಮುಗಿದು, ತೊಂದರೆ ಸೌಮ್ಯವೆಂದು ಗೊತ್ತಾದ ಮೇಲೆ ಜೀವನಶೈಲಿಯ ಬದಲಾವಣೆಯೊಂದಿಗೆ ಕಾಯಬಹುದು. ಪರೀಕ್ಷೆಗೆ ಮೊದಲೇ ತಿಂಗಳುಗಟ್ಟಲೆ ಕಾಯುವುದು ಸರಿಯಲ್ಲ.

ಪಿಎಸ್‌ಎ ರಕ್ತಪರೀಕ್ಷೆಗೆ ಎರಡು ದಿನ ಮೊದಲು ಸೈಕಲ್ ತುಳಿಯುವುದು ಮತ್ತು ಲೈಂಗಿಕ ಕ್ರಿಯೆ ಬೇಡ. ಮೂತ್ರ ಸೋಂಕು ಇತ್ತೀಚೆಗೆ ಬಂದಿದ್ದರೆ ವೈದ್ಯರಿಗೆ ಹೇಳಿ, ಅದರಿಂದ ಪಿಎಸ್‌ಎ ಏರಬಹುದು. ಫಿನಾಸ್ಟರೈಡ್ ಮಾತ್ರೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಅದನ್ನೂ ಮರೆಯದೆ ತಿಳಿಸಿ. ಟಾಮ್ಸುಲೋಸಿನ್ ತೆಗೆದುಕೊಳ್ಳುವವರು ಹಾಸಿಗೆಯಿಂದ ನಿಧಾನವಾಗಿ ಏಳಬೇಕು, ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿನ ವೈದ್ಯರಿಗೆ ಹೇಳಲೇಬೇಕು.

ಈ ಲಕ್ಷಣಗಳಿದ್ದರೆ ಕಾಯಬೇಡಿ: ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬುವುದು, ಮೂತ್ರದಲ್ಲಿ ರಕ್ತ, ಚಳಿಜ್ವರದೊಂದಿಗೆ ಉರಿಮೂತ್ರ, ಬೆನ್ನುಮೂಳೆ ನೋವಿನ ಜೊತೆ ಕಾಲಿನ ಬಲ ಕುಂದುವುದು, ಕಾರಣವಿಲ್ಲದೆ ತೂಕ ಇಳಿಯುವುದು. ಮೂತ್ರ ಕಟ್ಟಿದರೆ, ಚಳಿಜ್ವರ ಬಂದರೆ ಅಥವಾ ಕಾಲಿನ ಬಲ ಕುಂದಿದರೆ ಅದೇ ದಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರಿಗೆ ಹೈದರಾಬಾದ್‌ನ ಸನತ್‌ನಗರದಲ್ಲಿ ಇಎಸ್‌ಐಸಿ ಆಸ್ಪತ್ರೆಯಿದೆ. ನಗರದ ಸರ್ಕಾರಿ ಎಂಎನ್‌ಜೆ ಕ್ಯಾನ್ಸರ್ ಸಂಸ್ಥೆ, ನಿಮ್ಸ್, ಉಸ್ಮಾನಿಯಾ ಆಸ್ಪತ್ರೆಗಳಿವೆ. ಊರಿಗೆ ಹತ್ತಿರವಿರಬೇಕೆಂದು ಬಯಸುವವರಿಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ.

ಆರೈಕೆ ಮಾಡುವವರಿಗೆ ಒಂದು ಮಾತು

ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಆಹಾರ ಮತ್ತು ವ್ಯಾಯಾಮದ ಪಾತ್ರ ದೊಡ್ಡದು. ಈ ಚಿಕಿತ್ಸೆಯಿಂದ ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ, ತೂಕ ಮತ್ತು ಸಕ್ಕರೆ ಏರುತ್ತವೆ. 'ಹಾಲು, ಬೇಳೆ, ಮೊಟ್ಟೆ ಬೇಡ' ಎಂಬ ಪಥ್ಯ ಅವರನ್ನು ಇನ್ನಷ್ಟು ಬಲಹೀನರನ್ನಾಗಿಸುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿ ಅಂಬಲಿ, ಮೊಸರು, ತೊಗರಿಬೇಳೆ, ಒಗ್ಗುವವರಿಗೆ ಮೊಟ್ಟೆ ಇರಲಿ. ನಡಿಗೆಯ ಜೊತೆಗೆ ಹಗುರವಾದ ತೂಕ ಎತ್ತುವ ವ್ಯಾಯಾಮವನ್ನು ವೈದ್ಯರ ಸಲಹೆಯಂತೆ ಸೇರಿಸಿ. ಮೂಳೆ ಸಾಂದ್ರತೆ ಮತ್ತು ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ಕೇಳಿ.

ಅಪ್ಪ ಅಥವಾ ಗಂಡ ರಾತ್ರಿ ಎಷ್ಟು ಬಾರಿ ಏಳುತ್ತಾರೆ ಎಂಬುದು ಮನೆಯವರಿಗೆ ಮೊದಲು ಗೊತ್ತಾಗುತ್ತದೆ. ಹೆಚ್ಚಿನ ಪುರುಷರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೂರು ದಿನ ಒಂದು ಹಾಳೆಯಲ್ಲಿ ಕುಡಿದ ದ್ರವ, ಮೂತ್ರಕ್ಕೆ ಹೋದ ಸಮಯ ಬರೆದಿಡಿ. ವೈದ್ಯರ ಬಳಿ ಹೋಗುವಾಗ ಆ ಹಾಳೆ ಮತ್ತು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಪುಡಿಗಳನ್ನು ಕೊಂಡೊಯ್ಯಿರಿ.

ನೆನಪಿಡಿ

• ಯಾವ ಒಂದು ಆಹಾರವೂ ಪ್ರಾಸ್ಟೇಟ್ ಅನ್ನು ಕುಗ್ಗಿಸುವುದಿಲ್ಲ, ಕ್ಯಾನ್ಸರ್ ಗುಣಪಡಿಸುವುದಿಲ್ಲ.
• ಸಿರಿಧಾನ್ಯ, ಬೇಳೆ, ತರಕಾರಿ, ನಡಿಗೆಯ ಲಾಭ ತೂಕ, ಸಕ್ಕರೆ, ಮಲಬದ್ಧತೆಯ ನಿಯಂತ್ರಣದ ಮೂಲಕ ಬರುತ್ತದೆ.
• ನೀರಿನ ಸಮಯ ಮತ್ತು ಮೂತ್ರಕೋಶದ ತರಬೇತಿ ಲಕ್ಷಣಗಳನ್ನು ಗಣನೀಯವಾಗಿ ಕಡಿಮೆ ಮಾಡಬಲ್ಲವು.
• ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಕುಟುಂಬದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದರೆ ಲಕ್ಷಣಕ್ಕೆ ಕಾಯದೆ ವೈದ್ಯರೊಂದಿಗೆ ಮಾತನಾಡಿ.